ಲೆವೆಲ್ ಪೈಪಿನ ನೀರು

ಹೋಳಿ ಕಳೆದು ಒಂದು ವಾರವಾಗಿತ್ತು. ಹೊತ್ತು ಬೆಳಗಿನ ಹನ್ನೊಂದರ ಸುಮಾರು. ಆ ಹೊತ್ತಿಗೆ ಬಿಸಿಲಿಗೆ ತಗಡು ಕಾದು ಹಿಗ್ಗಲು ಶುರುವಾಗುತ್ತದೆ. ಟಣ್ ಎಂದು ಮೊದಲು ಮಾಡಿನ ಒಂದು ಮೂಲೆ, ಆಮೇಲೆ ಇನ್ನೊಂದು. ಆ ಸದ್ದು ನನಗೆ ಹೊಸದಲ್ಲ. ಅವತ್ತು ಕೇಳಿಸಿದ್ದು ಅದಲ್ಲ. ಗೋಡೆಯ ತಗಡಿಗೆ, ನೆಲದಿಂದ ಒಂದು ಮೊಳ ಮೇಲೆ, ಮೂರು ಸಲ. ಬೆರಳಿನ ಗೆಣ್ಣಿನಿಂದ ಬಡಿದ ಹಾಗೆ.

ವಿಮಾನ ನಗರದ ದೊಡ್ಡ ಕಟ್ಟಡಗಳ ಹಿಂದೆ ನಾಲಾದ ದಂಡೆಗೆ ನಮ್ಮ ಸಾಲು. ಹನ್ನೆರಡು ರೂಮು. ಮಾಡೂ ತಗಡು, ಗೋಡೆಯೂ ತಗಡು. ಎರಡು ರೂಮಿನ ನಡುವೆ ಇರುವುದು ಒಂದೇ ತಗಡು. ಆಚೆಯವರು ನಿಟ್ಟುಸಿರು ಬಿಟ್ಟರೆ ಈಚೆ ಗೊತ್ತಾಗುತ್ತದೆ. ವಿಮಾನ ಇಳಿಯುವಾಗ ಮಾತ್ರ ಇಡೀ ಸಾಲು ನಡುಗುತ್ತದೆ, ಆಗ ಯಾರ ಮಾತೂ ಯಾರಿಗೂ ಇಲ್ಲ.

ನಾನು ಗೌಂಡಿ ಕೆಲಸದವನು. ಯಾದಗಿರಿ ಕಡೆಯಿಂದ ಈ ಮರಾಠಿ ಸೀಮೆಗೆ ಬಂದು ನಲವತ್ತು ವರ್ಷ ಇಟ್ಟಿಗೆ ಇಟ್ಟಿದ್ದೇನೆ. ನಾಲ್ಕು ವರ್ಷದ ಹಿಂದೆ ಮೂರನೇ ಮಹಡಿಯ ಅಟ್ಟಣಿಗೆಯಿಂದ ಬಿದ್ದು ಎಡಗಾಲು ಮುರಿಯಿತು. ಕೂಡಿತು, ಆದರೆ ಸೊಟ್ಟಗೆ ಕೂಡಿತು. ಮಗ ಮನೋಹರ ಟೈಲ್ಸ್ ಕೂರಿಸುತ್ತಾನೆ, ಸೊಸೆ ಶರಣಮ್ಮ ಎರಡು ಫ್ಲ್ಯಾಟಿನಲ್ಲಿ ಪಾತ್ರೆ ತಿಕ್ಕುತ್ತಾಳೆ. ಇಬ್ಬರೂ ಎಂಟಕ್ಕೆ ಹೋದರೆ ಸಂಜೆ ಆರು. ಹೋಗುವ ಮುಂಚೆ ಶರಣಮ್ಮ ಒಂದು ಕೊಡ ನೀರು ನನ್ನ ಕೈಗೆ ಎಟಕುವಲ್ಲಿ ಇಟ್ಟು, ಮೇಲೊಂದು ತಂಬಿಗೆ ಮುಚ್ಚಿ ಹೋಗುತ್ತಾಳೆ. ಒಂದು ದಿನವೂ ಮರೆತಿಲ್ಲ.

ಬಡಿತ ಮತ್ತೆ ಕೇಳಿಸಿತು. ಮೂರು.

"ಯಾರವ್ವಾ?" ಅಂದೆ.

"ನೀರ," ಎಂದಿತು ಆಚೆಯ ದನಿ. "ನೀರ ಕೊಡ್ರಿ."

ಅದು ಮರೆಮ್ಮ. ಪಕ್ಕದ ರೂಮಿನ ಸಂಕಪ್ಪನ ತಾಯಿ. ಊರ ಕಡೆ ಒಬ್ಬಳೇ ಇದ್ದವಳಿಗೆ ಮರೆವು ಹತ್ತಿತೆಂದು ಸಂಕ್ರಾಂತಿಯ ನಂತರ ಮಗ ಇಲ್ಲಿಗೆ ಕರೆತಂದಿದ್ದ. ನಾನು ಕೋಲು ಹಿಡಿದು ಹೊರಗೆ ಹೋಗಿ ನೋಡಿದೆ. ಬಾಗಿಲಿಗೆ ಹೊರಗಿನಿಂದ ಕೀಲಿ. ಸಾಲಿನಲ್ಲಿ ನರಪಿಳ್ಳೆ ಇಲ್ಲ. ಬಾಗಿಲ ಸಂದಿಯಲ್ಲಿ ಆಕೆಯ ನೆರಳು ಕಂಡಿತು, ಅಷ್ಟೆ. ಸಂದಿಯಲ್ಲಿ ತಂಬಿಗೆಯೂ ಹೋಗಲಿಲ್ಲ, ಕೈಯೂ ಹೋಗಲಿಲ್ಲ.

ಮರೆಮ್ಮ ನನಗೆ ಈಗಿನ ಪರಿಚಯದವಳಲ್ಲ. ಇಲ್ಲಿ ಬರೀ ಹೊಲ, ಕರಿಕಲ್ಲು ಇದ್ದ ಕಾಲಕ್ಕೆ, ಮೊದಲ ಕಟ್ಟಡಗಳು ಏಳುವಾಗ, ನನ್ನ ಕೈಕೆಳಗೆ ಗಾರೆ ಹೊತ್ತವಳು. ಆಗ ಸಂಕಪ್ಪ ಅಂಬೆಗಾಲಿನ ಕೂಸು. ಗಂಡ ಸತ್ತಿದ್ದ. ಕೂಸನ್ನು ಸಿಮೆಂಟು ಚೀಲದ ಮೇಲೆ ಬಿಟ್ಟು, ಅದರ ಕಾಲಿಗೆ ಹಳೆ ಸೀರೆಯ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಅಟ್ಟಣಿಗೆಯ ಬಿದಿರು ಬಂಬೂಗೆ ಬಿಗಿದು ಬುಟ್ಟಿ ಹೊರುತ್ತಿದ್ದಳು. ಗೋಡೆಯ ಸಮ ನೋಡುವಾಗ ಲೆವೆಲ್ ಪೈಪಿನ ಇನ್ನೊಂದು ತುದಿ ಹಿಡಿಯುವವಳು ಅವಳೇ. ನೀರು ತುಂಬಿದ ಗಾಜಿನಂಥ ಸಣ್ಣ ಪೈಪು ಅದು. ಒಂದು ತುದಿ ಗೌಂಡಿಯ ಕೈಯಲ್ಲಿ, ಇನ್ನೊಂದು ಗಾರೆ ಹೊರುವ ಬಿಗಾರಿಯ ಕೈಯಲ್ಲಿ. ನಡೆಯುವಾಗ ನೀರು ಚೆಲ್ಲದಂತೆ ಹೆಬ್ಬೆರಳಿನಿಂದ ಬಾಯಿ ಮುಚ್ಚಬೇಕು; ಗುರುತಿನ ಹತ್ತಿರ ಬಂದು ಬೆರಳು ತೆಗೆಯಬೇಕು; ಕುಣಿಯುವ ನೀರು ಸುಮ್ಮನಾದ ಮೇಲೆ "ನಿಂತ್ತು" ಎಂದು ಕೂಗಬೇಕು. ಬೇರೆಯವರು ಅವಸರ ಮಾಡಿ ಕೂಗುತ್ತಿದ್ದರು. ಮರೆಮ್ಮ ಕೂಗಿದರೆ ನೀರು ನಿಂತಿರುತ್ತಿತ್ತು.

ಸಂಜೆ ನಳದ ಹತ್ತಿರ ಸಂಕಪ್ಪ ಸಿಕ್ಕ. ಈಗ ಅವನು ಹತ್ತು ಮಂದಿಯನ್ನು ಕೆಲಸಕ್ಕೆ ಕರೆದೊಯ್ಯುವ ಮುಕಾದಮ. ನನ್ನ ಮನೋಹರನಿಗೂ ಕೆಲಸ ಹಚ್ಚಿದವನು ಅವನೇ.

"ಸಂಕಪ್ಪಾ, ನಿಮ್ಮವ್ವ ಮಧ್ಯಾನ್ನ ನೀರ ಬೇಡತಿದ್ಲಪಾ. ಕೀಲಿ ಹಾಕಿದ್ರಿ."

ಅವನು ಕೊಡ ಕೆಳಗಿಟ್ಟ. ಸಿಟ್ಟು ಮಾಡಲಿಲ್ಲ. "ಕಾಕಾ, ಎರಡ ಸಲ ಆಕಿ ಎದ್ದು ಹೋಗ್ಯಾಳ. ಒಂದ ಸಲ ವಿಮಾನ ನಿಲ್ದಾಣದ ರಸ್ತಾದಾಗ ಗಾಡಿಗೋಳ ನಡುವ ನಿಂತಿದ್ಲು. ಪೊಲೀಸರು ತಂದು ಬಿಟ್ರು. ನಾ ಏನ್ ಮಾಡ್ಲಿ, ಹೇಳ್ರಿ."

ಹಿಂದೆ ನಿಂತಿದ್ದ ದುರ್ಗಾ, ಅವನ ಹೆಂಡತಿ, ಸೆರಗಿನಿಂದ ಮುಖ ಒರೆಸಿದಳು. ಅವಳ ತಲೆಗೂದಲಲ್ಲಿ ಸಿಮೆಂಟು ಇನ್ನೂ ಇತ್ತು. "ನೀರ ಕುಡದ್ರ ಹಾಸಿಗಿ ಹಸಿ ಮಾಡ್ತಾರ್ರಿ. ಸಂಡಾಸ ಅಲ್ಲಿ ರಸ್ತಾದ ತುದಿಗೆ. ನಳ ಬರೂದು ಒಂದ ತಾಸು. ನಾ ಬುಟ್ಟಿ ಹೊತ್ತು ಬಂದು ದಿನಾ ಕೌದಿ ಒಗಿಲ್ಯಾ? ಮುಂಜಾನಿ ಒಂದ ಲೋಟ, ಸಂಜಿಗೊಂದ ಕೊಡ್ತೀನಿ."

"ಕೀಲಿ ನನ್ನ ಕಡೆ ಕೊಡ್ರಿ. ನಾ ಇರತೀನಲ್ಲ ಮನ್ಯಾಗ."

ದುರ್ಗಾ ನಕ್ಕಳು. "ಕಾಕಾ, ನಿಮ್ಮ ಕಾಲೇ ನಿಮ್ಮ ಮಾತ ಕೇಳಂಗಿಲ್ಲ. ಆಕಿ ಓಡಿದ್ರ ನೀವು ಹಿಂದ ಓಡತೀರೇನ್ರಿ?"

ನಳದ ಹತ್ತಿರ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಸಂಕಪ್ಪ ಮಾತ್ರ ನಗಲಿಲ್ಲ. ಕೊಡ ಎತ್ತಿಕೊಳ್ಳುತ್ತಾ ಅಂದ: "ನನ್ನನ್ನೂ ಆಕಿ ಬಂಬೂಕ್ಕ ಕಟ್ಟಿ ಹಾಕಿ ಕೆಲಸಾ ಮಾಡ್ಯಾಳ. ನೀವೇ ನೋಡೀರಿ. ಅವಾಗ ಯಾರೂ ತಪ್ಪ ಅನ್ಲಿಲ್ಲ."

ರೂಮಿಗೆ ಬಂದು ಕೂತ ಮೇಲೆ ನೆನಪಾಯಿತು. ಹಗ್ಗ ಎಷ್ಟು ದೂರ ಹೋಗುತ್ತದೋ ಅಷ್ಟರೊಳಗೆ ಆಕೆ ಒಂದು ಹಿತ್ತಾಳೆಯ ಬಟ್ಟಲಲ್ಲಿ ನೀರು ಇಡುತ್ತಿದ್ದಳು. ಬಿಸಿಲು ತಿರುಗಿದಂತೆ ಬಟ್ಟಲನ್ನು ನೆರಳಿಗೆ ಸರಿಸಲು ಮೂರು ಮಹಡಿ ಇಳಿದು ಬರುತ್ತಿದ್ದಳು. ಆದರೆ ಮಾತಿನ ಹೊತ್ತು ಮೀರಿತ್ತು. ಶರಣಮ್ಮನೂ ರೊಟ್ಟಿ ತಟ್ಟುತ್ತಾ ಹೇಳಿದಳು: "ಮಾವಾ, ಮಂದಿ ಮನಿ ಸುದ್ದಿ ನಮಗ್ಯಾಕ್ರಿ? ಸಂಕಪ್ಪಣ್ಣ ಸಿಟ್ಟಾದ್ರ ನಿಮ್ಮ ಮಗ ದಿನಾ ಕೂಲಿ ಹುಡುಕ್ಕೋತ ನಾಕಾದ ಮ್ಯಾಲ ನಿಲ್ಲಬೇಕಾಗ್ತದ."

ಮರುದಿನ ಹನ್ನೊಂದಕ್ಕೆ ಮತ್ತೆ ಮೂರು ಬಡಿತ.

ನಮ್ಮ ನಡುವಿನ ತಗಡಿನಲ್ಲಿ ಹಿಂದೊಮ್ಮೆ ಬೋಲ್ಟು ಇದ್ದ ಒಂದು ತೂತಿತ್ತು. ನನ್ನ ಹಳೆ ಟ್ರಂಕಿನಲ್ಲಿ ಕರಣಿ, ತೂಗುಗುಂಡು, ಉಳಿ, ಸುತ್ತಿಟ್ಟ ಲೆವೆಲ್ ಪೈಪು ಎಲ್ಲ ಹಾಗೇ ಇದ್ದವು. ಉಳಿಯಿಂದ ತೂತನ್ನು ಸ್ವಲ್ಪ ಹಿಗ್ಗಿಸಿದೆ. ಪೈಪನ್ನು ತೊಳೆದು, ನೀರು ತುಂಬಿ, ಬಾಯಿ ಮುಚ್ಚಿ, ಒಂದು ತುದಿಯನ್ನು ಆಚೆಗೆ ತೂರಿಸಿದೆ.

"ಮರೆಮ್ಮಾ, ಹಿಡಿ."

ಯಾರೋ ಮೆಲ್ಲಗೆ ಎಳೆದುಕೊಂಡರು. ನಾನು ನನ್ನ ತುದಿಯನ್ನು ಎತ್ತಿ ಹಿಡಿದೆ, ನೀರು ಹರಿಯಲೆಂದು. ಹರಿಯಲಿಲ್ಲ. ಪೈಪಿನಲ್ಲಿ ನೀರು ಕುಣಿಯಿತು, ಏರಿತು, ಇಳಿಯಿತು, ನನ್ನ ಎದೆಯ ಮಟ್ಟಕ್ಕೆ ಬಂದು ಸುಮ್ಮನಾಯಿತು. ಆಚೆಯಿಂದ ಸ್ವಲ್ಪ ಹೊತ್ತಿನ ಮೇಲೆ ದನಿ ಬಂತು.

"ನಿಂತ್ತ್ರಿ, ಗೌಂಡಿ."

ಮಗನನ್ನು "ಯಾರ ಪೈಕಿ ನೀನು" ಎಂದು ಕೇಳುವವಳು, ಸೊಸೆಯನ್ನು ಅಂಗಡಿಯವಳೆಂದು ತಿಳಿದವಳು, ಪೈಪಿನ ತುದಿಯನ್ನು ತಗಡಿಗೆ ಆನಿಸಿ, ಹೆಬ್ಬೆರಳು ತೆಗೆದು, ನೀರು ನಿಲ್ಲುವವರೆಗೆ ಕಾದು ಕೂಗಿದ್ದಳು. ಆಕೆಯ ಕೈ ಎಲ್ಲಿದೆ ಎನ್ನುವುದು ಈಚೆ ನನಗೆ ನೀರಿನಲ್ಲಿ ಕಾಣುತ್ತಿತ್ತು.

"ಇವತ್ತ ಕೆಲಸಿಲ್ಲ, ಮರೆಮ್ಮಾ. ಕುಡಿ. ಪೈಪ ಬಾಯಾಗ ಇಟಗೊ."

"ಗೋಡಿ ಬಾಕಿ ಅದಲ್ರಿ?"

"ನಾಳಿಗೆ ನೋಡೂಣು. ಕುಡಿ ನೀನು."

ಕುಡಿದಳು. ನನ್ನ ತುದಿಯನ್ನು ಕೊಡದಲ್ಲಿ ಅದ್ದಿ, ಕೊಡವನ್ನು ಟ್ರಂಕಿನ ಮೇಲೆ ಏರಿಸಿದೆ. ಗುಟುಕು ಗುಟುಕಾಗಿ ಕೊಡ ಇಳಿಯುವುದನ್ನು ನೋಡುತ್ತಾ ಕೂತೆ.

ಹೀಗೆ ಇಪ್ಪತ್ತು ದಿನ ನಡೆಯಿತು. ದಿನವೂ ಮೊದಲು ಲೆವೆಲ್, ಆಮೇಲೆ ನೀರು. "ನಿಂತ್ತು" ಎನ್ನದೆ ಆಕೆ ಒಂದು ಹನಿ ಬಾಯಿಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಒಮ್ಮೊಮ್ಮೆ ಬೈಯುತ್ತಿದ್ದಳು: "ಏಟ ತಡಾ ಮಾಡ್ತೀ, ಗೌಂಡಿ, ಗಾರಿ ಬಿರಿತದ." ನನಗೂ ಹನ್ನೊಂದು ಗಂಟೆ ಆಗುವುದನ್ನು ಕಾಯುವ ರೂಢಿಯಾಯಿತು. ಕೆಲಸಕ್ಕೆ ಹೊರಟವನ ಹಾಗೆ ಅಂಗಿ ಹಾಕಿಕೊಂಡು ಕೂರುತ್ತಿದ್ದೆ.

ಆದರೆ ಕುಡಿದ ನೀರು ಎಲ್ಲಿಗೆ ಹೋಗಬೇಕು? ಸಂಜೆಗೆ ಆಚೆಯಿಂದ ದುರ್ಗಾಳ ದನಿ. "ಮುಂಜಾನಿ ಒಂದ ಲೋಟ ಕುಡದಾಕಿ ಇಷ್ಟ ಹ್ಯಾಂಗ ಹೊಯ್ದಿ? ಎಲ್ಲಿಂದ ಬಂತ ನೀರು? ಹೇಳ!" ಆಮೇಲೆ ಹೊಡೆತ. ಅಂಗೈಯಿಂದ ಮಾಂಸದ ಮೇಲೆ ಬಿದ್ದ ಹೊಡೆತದ ಸದ್ದು ಬೇರೆ, ಹಾಸಿಗೆ ಜಾಡಿಸಿದ ಸದ್ದು ಬೇರೆ. ತಗಡು ಎರಡನ್ನೂ ಸರಿಯಾಗಿ ತಿಳಿಸುತ್ತದೆ.

"ಗೌಂಡಿ ಕೊಟ್ಟಾ," ಎಂದಳು ಮರೆಮ್ಮ ಅಳುತ್ತಾ.

"ಬಂದಾ ನೋಡ್ರಿ ಗೌಂಡಿ! ಸತ್ತ ಕಾಲದ ಗೌಂಡಿ!"

ಪೈಪು ನನ್ನ ಕಾಲ ಹತ್ತಿರ ಹಾವಿನ ಹಾಗೆ ಸುತ್ತಿಕೊಂಡಿತ್ತು. ನಾನು ಅದರ ಮೇಲೆ ಕೌದಿ ಎಳೆದೆ. ನಾನು ಕೊಟ್ಟ ನೀರಿಗೆ ಆಕೆ ಪೆಟ್ಟು ತಿನ್ನುತ್ತಿದ್ದಾಳೆ ಎಂದು ಗೊತ್ತಿತ್ತು. ಕೊಡದಿದ್ದರೆ ಬಾಯಾರಿ ಸಾಯುತ್ತಾಳೆ ಎಂದೂ ಗೊತ್ತಿತ್ತು. ಮರುದಿನದಿಂದ ಅರ್ಧ ಕೊಟ್ಟೆ. ಪೆಟ್ಟೂ ಅರ್ಧವಾಗುತ್ತದೆ ಎಂದು ತಿಳಿದಿದ್ದೆ. ಆಗಲಿಲ್ಲ.

ಏಪ್ರಿಲ್ ತಿಂಗಳ ಮೂರನೇ ರವಿವಾರ ನರ್ಸಿಂಗ್ ಕಾಲೇಜಿನ ಹುಡುಗಿಯೊಬ್ಬಳು ಬಂದಳು. ಹೆಸರು ಪ್ರಫುಲ್ಲಾ. ಕೈಯಲ್ಲಿ ಕಾಗದದ ಕಟ್ಟು. ಅರವತ್ತು ದಾಟಿದವರನ್ನು ಮನೆಯವರು ಹೇಗೆ ನೋಡಿಕೊಳ್ಳುತ್ತಾರೆ, ಎಷ್ಟು ಮಂದಿಗೆ ಕಷ್ಟವಿದೆ, ಯಾತರಿಂದ ಕಷ್ಟ ಎಂದು ಬರೆದುಕೊಳ್ಳುವ ಕೆಲಸ ಅವಳದು. ಸಾಲಿನಲ್ಲಿ ಅಂಥವರು ನಾವು ಐದು ಮಂದಿ. ಅವಳಿಗೆ ಮರಾಠಿ ಮಾತ್ರ ಬರುತ್ತಿತ್ತು. ಮರೆಮ್ಮನಿಗೂ ಹಿಂದೆ ಸುರಳೀತ ಮರಾಠಿ ಬರುತ್ತಿತ್ತು, ಬಾಜಾರದಲ್ಲಿ ಜಗಳ ಮಾಡುವಷ್ಟು. ಮರೆವು ಬಂದಾಗ ಮೊದಲು ಕಳಚಿ ಹೋದದ್ದು ಅದೇ.

"ಆಜೋಬಾ, ಆಜಿ ಹೇಳಿದ್ದನ್ನು ನೀವು ನನಗೆ ಮರಾಠಿಯಲ್ಲಿ ಹೇಳುತ್ತೀರಾ?" ಎಂದು ಹುಡುಗಿ ನನ್ನನ್ನು ಅಜ್ಜಾ ಎಂದು ಕರೆದು ಕೇಳಿದಳು. ಒಪ್ಪಿದೆ. ಅವಳು ಒಳ್ಳೆಯ ಹುಡುಗಿ. ಮನೆಯವರು ಹೊರಗೆ ನಿಲ್ಲಬೇಕು ಎಂದು ಸಂಕಪ್ಪನನ್ನೂ ದುರ್ಗಾಳನ್ನೂ ಕಳಿಸಿ ಬಾಗಿಲು ಎಳೆದುಕೊಂಡಳು. ಆದರೆ ತಗಡಿನ ಗೋಡೆಗೆ ಒಳಗೇನು, ಹೊರಗೇನು? ಇಬ್ಬರಿಗೂ ಎರಡೂ ಭಾಷೆ ಬರುತ್ತವೆ. ಬಾಗಿಲ ಸಂದಿಯಲ್ಲಿ ಸಂಕಪ್ಪನ ನಾಲ್ಕು ಬೆರಳು ಚೌಕಟ್ಟನ್ನು ಹಿಡಿದಿದ್ದು ನನಗೆ ಕಾಣುತ್ತಿತ್ತು.

ಹೊತ್ತಿಗೆ ಸರಿಯಾಗಿ ಊಟ, ನೀರು ಸಿಗುತ್ತದಾ ಎಂದು ಮೊದಲ ಪ್ರಶ್ನೆ.

ಮರೆಮ್ಮ ಹುಡುಗಿಯ ಮುಖ ನೋಡಿ, ನೆಟ್ಟಗೆ, ಒಂದು ಮಾತೂ ತೊದಲದೆ ಹೇಳಿದಳು: "ರೊಟ್ಟಿ ಕೊಡ್ತಾರವ್ವ. ನೀರ ಕೊಡಂಗಿಲ್ಲ. ಹಾಸಿಗಿ ಹಸಿ ಆಗ್ತದಂತ."

"ಕೊಡುತ್ತಾರೆ," ಎಂದೆ ಮರಾಠಿಯಲ್ಲಿ. "ಊಟ, ನೀರು ಎರಡೂ ಕೊಡುತ್ತಾರೆ."

ಹುಡುಗಿ ಗುರುತು ಹಾಕಿಕೊಂಡಳು. ಯಾರಾದರೂ ಕೂಡಿಹಾಕುತ್ತಾರಾ?

"ಕೀಲಿ ಹಾಕ್ತಾರ. ಸಂಜಿಮಟ ಕೀಲಿ."

"ಇಲ್ಲ," ಎಂದೆ.

ಬೈಯುತ್ತಾರಾ, ಹೊಡೆಯುತ್ತಾರಾ?

ಮರೆಮ್ಮ ರವಿಕೆಯ ತೋಳು ಸರಿಸಿ ರಟ್ಟೆ ತೋರಿಸಿದಳು. "ಇಲ್ಲಿ ಬಡೀತಾಳ."

ಹುಡುಗಿ ಪೆನ್ನು ಎತ್ತಿದಳು. "ಏನಂತೆ ಆಜೋಬಾ? ಕೈ ಯಾಕೆ ತೋರಿಸಿದರು?"

ಆ ಗಳಿಗೆ ಎಷ್ಟು ಉದ್ದವಿತ್ತೆಂದರೆ ಒಂದು ವಿಮಾನ ಬಂದು ತಲೆಯ ಮೇಲೆ ಹಾದು ಇಳಿಯಿತು. ತಗಡು ನಡುಗಿ ನಿಂತಿತು. ನಮ್ಮ ಮಂದಿಯ ಮನೆಯ ಹೊಲಸನ್ನು ಪರಭಾಷೆಯಲ್ಲಿ ಹೊರಗೆ ಹಾಕುವುದೇ ಎಂದು ಒಂದು ಮನಸ್ಸು. ಮನೋಹರನ ಕೆಲಸ ಎಂದು ಇನ್ನೊಂದು. ಆ ನಾಲ್ಕು ಬೆರಳು ಒಂದು ಕಾಲಕ್ಕೆ ಮರಳಿನ ಗುಡ್ಡೆಯಲ್ಲಿ ನನ್ನ ಕರಣಿ ಹಿಡಿದು ಆಡಿದ ಬೆರಳು. ನಾನು ಅಂದೆ:

"ಕೈ ನೋಯುತ್ತದಂತೆ. ವಯಸ್ಸಾಯಿತಲ್ಲ."

ಮರೆಮ್ಮನಿಗೆ ಏನು ತಿಳಿಯಿತೋ. ನನ್ನ ಕಡೆ ತಿರುಗಿ, ಹುಡುಗಿಗೆ ನನ್ನನ್ನು ತೋರಿಸಿ, ಸಂತೋಷದಿಂದ ಅಂದಳು: "ಗೌಂಡಿ ಕೊಡ್ತಾನ ನೀರ. ಪೈಪಿನಾಗ. ಅಲ್ಲಿಂದ." ಬೆರಳು ಮಾಡಿ ತೂತನ್ನು ತೋರಿಸಿದಳು.

"ಇದೇನು?"

"ಹಳೆ ಕೆಲಸದ ಮಾತು. ನೆನಪು ಬರುತ್ತದೆ ಆಕೆಗೆ."

ಚೌಕಟ್ಟಿನ ಮೇಲಿನ ಬೆರಳುಗಳು ಸರಿದವು.

ಕಾಗದದ ಕೆಳಗೆ ಹೆಬ್ಬೆಟ್ಟು ಬೇಕಿತ್ತು. ಮಸಿಯ ಡಬ್ಬಿಯಲ್ಲಿ ಆಕೆಯ ಹೆಬ್ಬೆರಳನ್ನು ನಾನೇ ಹಿಡಿದು ಅದ್ದಿದೆ, ನಾನೇ ಒತ್ತಿಸಿದೆ. ಹುಡುಗಿ ಆಮೇಲೆ ನನ್ನನ್ನೂ ಅವೇ ಪ್ರಶ್ನೆ ಕೇಳಿದಳು. ಎಲ್ಲ ಚಲೋ ಎಂದೆ. ಆ ಮಾತೊಂದು ಸುಳ್ಳಾಗಿರಲಿಲ್ಲ.

ಸಂಜೆ ದುರ್ಗಾ ಒಂದು ಸ್ಟೀಲಿನ ತಾಟಿನಲ್ಲಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಳು. "ಕಾಕಾ, ಮನಿ ಮರ್ಯಾದಿ ಉಳಿಸಿದ್ರಿ," ಎಂದಳು. ಪೈಪಿನ ಮಾತು ಎತ್ತಲಿಲ್ಲ. ಪುಂಡಿಪಲ್ಯ ಚೆನ್ನಾಗಿತ್ತು. ಪೂರ್ತಿ ತಿಂದೆ. ಅದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದು ಏನು ಪ್ರಯೋಜನ?

ಸೋಮವಾರ ಹನ್ನೊಂದಕ್ಕೆ ಅಂಗಿ ಹಾಕಿಕೊಂಡು ಪೈಪು ತೂರಿಸಿದೆ. ಹೋಗಲಿಲ್ಲ. ತೂತಿಗೆ ಆಚೆಯಿಂದ ಪ್ಲಂಬರು ಬಳಸುವ ಅಂಟುಮಣ್ಣು ಮೆತ್ತಿ ಮುಚ್ಚಿದ್ದರು. ಬೆರಳಿಟ್ಟು ನೋಡಿದೆ, ಕಲ್ಲಾಗಿತ್ತು.

ಮೂರು ಬಡಿತ.

ಉಳಿ ನನ್ನ ಟ್ರಂಕಿನಲ್ಲಿತ್ತು. ಒಂದೇ ಏಟಿನ ಕೆಲಸ. ನಲವತ್ತು ವರ್ಷ ಕಲ್ಲು ಒಡೆದ ಕೈಗೆ ಅದೇನು? ಆದರೆ ತಿರುಗಿ ತೂತು ಕಂಡರೆ ಇನ್ನೂ ಹೊಡೆಯುತ್ತಾರೆ ಎಂದುಕೊಂಡೆ. ಹೇಗೂ ಎರಡು ಲೋಟ ಕೊಡುತ್ತಾರೆ ಎಂದುಕೊಂಡೆ. ಹುಡುಗಿ ಕೊಟ್ಟುಹೋದ ಚೀಟಿಯಲ್ಲಿ, ಕಷ್ಟವಿದ್ದವರು ಕರೆ ಮಾಡಲೆಂದು, ಒಂದು ಫೋನ್ ನಂಬರಿತ್ತು. ಅದನ್ನು ಮಡಚಿ ಪೈಪಿನ ಕೆಳಗೆ ಇಟ್ಟೆ. ಬಡಿತ ಕೇಳದಂತೆ ಮನೋಹರನ ಹಳೆ ರೇಡಿಯೋ ಹಚ್ಚಿದೆ. ಒಂಬತ್ತು ದಿನ ಹೀಗೆ ಕೂತೆ. ರೇಡಿಯೋದ ಮೇಲೂ ಕೇಳಿಸುವ ಬಡಿತ ಪ್ರತಿ ದಿನ ಸ್ವಲ್ಪ ಕೆಳಗಿಳಿಯುತ್ತಾ ಬಂತು. ಮೊದಲು ಮೊಳದ ಮೇಲೆ, ಆಮೇಲೆ ಗೇಣಿನ ಮೇಲೆ, ಕೊನೆಗೆ ನೆಲದ ಹತ್ತಿರ. ಆಕೆಯ ಕೈ ಎಲ್ಲಿದೆ ಎಂದು ಈಗಲೂ ನನಗೆ ಗೊತ್ತಾಗುತ್ತಿತ್ತು.

ಹತ್ತನೇ ದಿನ ಬುಧವಾರ, ಬಸವ ಜಯಂತಿ. ಹನ್ನೊಂದಾಯಿತು. ಹನ್ನೆರಡಾಯಿತು. ಬಡಿತ ಬರಲಿಲ್ಲ.

ಆಗ ಎದ್ದೆ. ಉಳಿ ಇಟ್ಟು ಹೊಡೆದೆ. ಅಂಟುಮಣ್ಣು ಆಚೆ ಬಿದ್ದ ಸದ್ದಾಯಿತು. "ಮರೆಮ್ಮಾ, ಹಿಡಿ," ಎಂದು ಪೈಪು ತೂರಿಸಿದೆ. ನೀರು ಸರ್ರನೆ ಹರಿದು ಖಾಲಿಯಾಯಿತು. ಯಾರೂ ಹಿಡಿಯಲಿಲ್ಲ. ಕೋಲು ಬಿಟ್ಟು ಗೋಡೆ ಹಿಡಿದು ಹೊರಗೆ ಹೋಗಿ ಅದೇ ಉಳಿಯಿಂದ ಕೀಲಿಯ ಕೊಂಡಿ ಮುರಿದೆ. ಒಳಗೆ ರೊಟ್ಟಿ ಸುಡುವಷ್ಟು ಕಾವು. ಆಕೆ ತಗಡಿಗೆ ಮೈ ಆನಿಸಿ ಕುಸಿದಿದ್ದಳು. ಪೈಪಿನ ನೀರು ಆಕೆಯ ಸೀರೆಯನ್ನು ತೋಯಿಸಿ ನೆಲದಲ್ಲಿ ಹರಿದಿತ್ತು. ಬಲಗೈಯ ಹೆಬ್ಬೆರಳು ಮಾತ್ರ ಮೇಲಕ್ಕೆ ನಿಂತಿತ್ತು, ಏನನ್ನೋ ಮುಚ್ಚಿಕೊಂಡಿರುವ ಹಾಗೆ. ಅದರಲ್ಲಿ ಮಸಿಯ ಬಣ್ಣ ಇನ್ನೂ ಹೋಗಿರಲಿಲ್ಲ. ತುಟಿಗೆ ನೀರು ಬಿಟ್ಟೆ. ಒಂದು ಗುಟುಕು ಇಳಿಯಿತು, ಎರಡನೆಯದು ಕಟಬಾಯಿಂದ ಹೊರಗೆ ಬಂತು.

ಸಂಕಪ್ಪನಿಗೆ ಫೋನು ಮಾಡಿದೆ, ಓಡಿ ಬಂದ. ರಿಕ್ಷಾದಲ್ಲಿ ದವಾಖಾನೆಗೆ ಒಯ್ದರು. ಸಲಾಯಿನ್ ಹಚ್ಚಿದರು. ಮರುದಿನ ಮುಂಜಾನೆ ಜೀವ ಹೋಯಿತು. ಅವತ್ತು ಮೇ ಒಂದು, ಸೈಟುಗಳಿಗೆ ರಜೆ. ಸಾಲಿನ ಹನ್ನೆರಡು ಬಾಗಿಲೂ ತೆರೆದಿದ್ದವು. ಎಲ್ಲರೂ ಮನೆಯಲ್ಲಿದ್ದರು, ಎಲ್ಲರೂ ಮಣ್ಣಿಗೆ ಬಂದರು. ಬಿಸಿಲಿನ ಝಳಕ್ಕೆ ವಯಸ್ಸಾದವಳು ತಡೆಯಲಿಲ್ಲ ಎಂದು ಮಾತಾಡಿಕೊಂಡರು. ನೀರು ಎಂದು ಯಾರೂ ಅನ್ನಲಿಲ್ಲ. ಸಂಕಪ್ಪ "ಯವ್ವಾ, ನನ್ನ ಬಿಟ್ಟ ಹೋದೇನ ಯವ್ವಾ" ಎಂದು ತಲೆ ಚಚ್ಚಿಕೊಂಡು ಅತ್ತ. ಆ ಅಳುವಿನಲ್ಲಿ ಸುಳ್ಳು ಇರಲಿಲ್ಲ. ನಾನು ಬಲ್ಲೆ.

ಶುಕ್ರವಾರ ಹನ್ನೊಂದಕ್ಕೆ ಮೂರು ಬಡಿತ ಕೇಳಿಸಿತು.

ತಗಡು ಕಾದಿದ್ದು ಎಂದೆ. ಶನಿವಾರವೂ ಕೇಳಿಸಿತು. ಮೋಡ ಮುಸುಕಿದ ದಿನ ತಗಡು ತಣ್ಣಗಿದ್ದಾಗಲೂ ಕೇಳಿಸಿತು. ವಿಮಾನ ಬಂದು ಹೋದರೂ, ಅದರ ನಡುಕ ಅಡಗಿದ ಮೇಲೆ, ಬೇರೆಯಾಗಿ ಮೂರು. ನೆಲದಿಂದ ಒಂದು ಮೊಳ ಮೇಲೆ. ನಾನು ಶರಣಮ್ಮ ಇಟ್ಟ ಕೊಡದ ನೀರನ್ನು ಆ ಹೊತ್ತಿಗೆ ಕುಡಿಯಲಾರದೆ ಹೋದೆ. ಸಂಜೆ ಕೊಡ ಎತ್ತಿ ನೋಡಿ ಅವಳು ಕೇಳುತ್ತಿದ್ದಳು: "ಯಾಕ್ರಿ ಮಾವಾ, ಹಾಂಗೇ ಅದಲ್ಲ?"

ಮಳೆ ಹಿಡಿದ ಮೇಲೆ, ಮೇ ಕೊನೆಗೆ, ಪ್ರಫುಲ್ಲಾ ಮತ್ತೆ ಬಂದಳು. ಕೊಡೆ ಮಡಚಿ ಹೊಸ್ತಿಲಲ್ಲಿ ಕೂತಳು. ಊರೆಲ್ಲ ತಿರುಗಿ ಕಾಗದ ತುಂಬಿ ಮುಗಿಯಿತಂತೆ. "ಆಜೋಬಾ, ಎಷ್ಟೋ ಕಡೆ ಮೂರು ಮಂದಿಯಲ್ಲಿ ಒಬ್ಬರಿಗೆ ಕಷ್ಟವಿದೆ. ನಿಮ್ಮ ಸಾಲು ಮಾತ್ರ ಪೂರ್ತಿ ಸೊನ್ನೆ. ನೋಡಿ ನನಗೆ ಖುಷಿಯಾಯಿತು," ಎಂದಳು. ಆಮೇಲೆ ಕೇಳಿದಳು, "ಮರೆಮ್ಮ ಆಜಿ ಎಲ್ಲಿ?"

ಹೇಳಿದೆ. ಮೊದಲಿಂದ ಹೇಳಿದೆ. ಆಕೆ ಏನು ಹೇಳಿದ್ದಳು, ನಾನು ಏನೆಂದು ಹೇಳಿದೆ, ಒಂದೊಂದು ಪ್ರಶ್ನೆಗೂ. ಮಳೆಯ ಸದ್ದಿಗೆ ದನಿ ಎತ್ತಿ ಹೇಳಬೇಕಾಯಿತು. ಹುಡುಗಿ ಬರೆದುಕೊಳ್ಳಲಿಲ್ಲ. ಪೆನ್ನಿನ ಟೊಪ್ಪಿಗೆ ಹಾಕಿ ಕೈಯಲ್ಲಿ ಹಿಡಿದು ಕೂತಿದ್ದಳು.

"ಅವತ್ತೇ ಯಾಕೆ ಹೇಳಲಿಲ್ಲ, ಆಜೋಬಾ?"

"ನಮ್ಮವರು ಅಂತ," ಎಂದೆ. ಹೇಳಿದ ಮೇಲೆ, ಆಕೆಯೂ ನಮ್ಮವಳೇ ಆಗಿದ್ದಳು ಎನಿಸಿತು.

"ಸೊನ್ನೆ ತೆಗೆದು ಬರೆಸುತ್ತೇನೆ. ಆಗದಿದ್ದರೆ ಕೆಳಗೆ ಟಿಪ್ಪಣಿ ಬರೆಯುತ್ತೇನೆ," ಎಂದು ಹುಡುಗಿ ಹೋದಳು. ಹೋಗುವಾಗ ನನ್ನ ಕಾಲು ಮುಟ್ಟಲಿಲ್ಲ. ಮೊದಲ ಸಲ ಬಂದಾಗ ಮುಟ್ಟಿದ್ದಳು.

ಮರುದಿನ ಹನ್ನೊಂದಕ್ಕೆ ಮೂರು ಬಡಿತ. ಇನ್ನು ತಡೆಯಲಾರೆ ಎನಿಸಿತು. ಪೈಪು ತೆಗೆದು ನೀರು ತುಂಬಿ ತೂತಿನಲ್ಲಿ ತೂರಿಸಿದೆ. ಖಾಲಿ ರೂಮಿನ ನೆಲಕ್ಕೆ ನೀರು ಸುರಿಯಲಿ, ಆಚೆ ಯಾರೂ ಇಲ್ಲವೆಂದು ನನ್ನ ಕಣ್ಣಿಗೇ ಕಾಣಲಿ ಎಂದು ನನ್ನ ತುದಿಯನ್ನು ಎತ್ತಿ ಹಿಡಿದೆ. ನೀರು ಕುಣಿಯಿತು. ಏರಿತು, ಇಳಿಯಿತು. ನನ್ನ ಎದೆಯ ಮಟ್ಟಕ್ಕೆ ಬಂದು ಸುಮ್ಮನಾಯಿತು.

"ನಿಂತದ್ರಿ, ಕಾಕಾ," ಎಂದಿತು ಆಚೆಯ ದನಿ. ದುರ್ಗಾ.

ಅವಳು ಕೆಲಸಕ್ಕೆ ಹೋಗುವುದನ್ನು ಬಿಟ್ಟಿದ್ದು ನನಗೆ ಗೊತ್ತಿರಲಿಲ್ಲ.

"ನೀ ಬಡದೇನವ್ವ?" ಎಂದು ಕೇಳಿದೆ.

"ಇಲ್ರಿ. ನೀವಲ್ಲೇನು?"

"ನಾ ಅಲ್ಲ."

ಅವಳ ಉಸಿರು ತಗಡಿಗೆ ತಾಕಿದ್ದು ಕೇಳಿಸಿತು. "ನಿಮಗೂ ಕೇಳಸ್ತದೇನ್ರಿ?"

ಇಲ್ಲ ಎನ್ನುವುದು ನನಗೆ ರೂಢಿಯಾಗಿತ್ತು. "ಕೇಳಸ್ತದವ್ವ," ಎಂದೆ. "ದಿನಾ ಕೇಳಸ್ತದ."

"ಅವ್ರಿಗೆ ಕೇಳಂಗಿಲ್ಲಂತ. ಹುಚ್ಚು ಹಿಡದದ ನಿನಗ ಅಂತಾರ." ಅವಳು ಅತ್ತಳು. ಆಮೇಲೆ ಅಳು ನಿಲ್ಲಿಸಿ ಅಂದಳು: "ನಿನ್ನೆ ನೀವು ಆ ಹುಡಿಗಿಗೆ ಹೇಳಿದ್ದೂ ಕೇಳಿಸ್ತು. ನಾ ಬಡದದ್ದು ಖರೆ, ಕೀಲಿ ಹಾಕಿದ್ದು ಖರೆ. ತೂತ ಮುಚ್ಚಿದ್ದೂ ನಾನೇ. ಆದ್ರ ಕಾಕಾ, ನೀವೂ ನಲವತ್ತ ದಿನ ಎಲ್ಲಾ ಕೇಳಕೋತ ಕೂತಿದ್ರಿ."

"ಹೌದವ್ವ. ಕೂತಿದ್ದೆ."

ಅವಳು ಪೈಪಿನ ತುದಿಯನ್ನು ಮೆಲ್ಲಗೆ ಕೆಳಗಿಳಿಸಿದಳು. ಈಚೆ ನೀರು ಇಳಿಯುತ್ತಾ ಹೋಯಿತು.

ಆಮೇಲೆ ಅವರು ಬಹಳ ದಿನ ಇರಲಿಲ್ಲ. ನಿಗಡಿ ಕಡೆ ಸಂಕಪ್ಪ ಬೇರೆ ಕೆಲಸ ಹಿಡಿದ. ಟೆಂಪೋಗೆ ಸಾಮಾನು ಏರಿಸುವಾಗ ದುರ್ಗಾ ನನ್ನ ಹೊಸ್ತಿಲಿಗೆ ಬಂದು ತಾಟು ಕೇಳಿದಳು. ಖಾಲಿ ತಾಟು ತಿರುಗಿ ಕೊಡಬಾರದೆಂದು, ಅದರಲ್ಲಿ ಇಡಲು ನನ್ನ ಹತ್ತಿರ ಏನೂ ಇಲ್ಲವೆಂದು, ಅಷ್ಟು ದಿನ ಹಾಗೇ ಇಟ್ಟುಕೊಂಡಿದ್ದೆ. ಡಬ್ಬಿಯಲ್ಲಿದ್ದ ಒಂದು ಹೆಂಟೆ ಬೆಲ್ಲ ಇಟ್ಟು ಕೊಟ್ಟೆ. ತೆಗೆದುಕೊಂಡಳು.

ಸಂಕಪ್ಪ ಹಗ್ಗ ಬಿಗಿದು ಕೊನೆಗೆ ಬಂದ. ಕಾಲು ಮುಟ್ಟಿದ. ಎದ್ದು ನಿಂತು, ನನ್ನ ಮುಖ ನೋಡದೆ, ನಡುವಿನ ತಗಡಿನ ಕಡೆ ನೋಡುತ್ತಾ ಕೇಳಿದ.

"ಕಾಕಾ, ನಮ್ಮವ್ವ ನನ್ನ ಬಂಬೂಕ್ಕ ಕಟ್ಟಿ ಹೋಗಾಗ, ನೀರ ಇಟ್ಟಿರತಿದ್ಲೇನ್ರಿ?"

"ಇಟ್ಟಿರತಿದ್ಲು," ಎಂದೆ. "ಹಿತ್ತಾಳಿ ಬಟ್ಟಲದಾಗ. ಹಗ್ಗ ನಿಲುಕುವಲ್ಲಿ."

ಅವನು ತಲೆಯಾಡಿಸಿದ. ಹೋಗಿ ಡ್ರೈವರನ ಪಕ್ಕ ಕೂತ. ದುರ್ಗಾ ಹಿಂದೆ ಸಾಮಾನಿನ ಮೇಲೆ, ಮಡಿಲಲ್ಲಿ ತಾಟು ಇಟ್ಟುಕೊಂಡು ಕೂತಿದ್ದಳು.

ಮರೆಮ್ಮ ಹೋದದ್ದು ಗುರುವಾರ. ಸಂಕಪ್ಪ, ದುರ್ಗಾ ಇಬ್ಬರೂ ಹೋದದ್ದು ಕಾರಹುಣ್ಣಿಮೆ ಕಳೆದ ಸೋಮವಾರ, ಮುಂಜಾನೆ ಹತ್ತೂವರೆಗೆ, ಹನ್ನೊಂದರ ಬಡಿತಕ್ಕೆ ಮುಂಚೆ. ಅದನ್ನು ಕೇಳಲು ನಾನೊಬ್ಬನೇ ಉಳಿದೆ.